ಕೊನೆಯ ಟೈಲ್ಸಿನ ತಾರೀಕು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಕಾನೂನು ತಿಳಿದವರು ಹೇಳಬೇಕಾದ ಕಥೆ. ಇಲ್ಲವೇ ನೆಲ ಹಾಕಲು ಬಲ್ಲವರಾದರೂ ಹೇಳಬೇಕು. ಎರಡೂ ಸರಿಯಾಗಿ ಬಾರದವರ ಬಾಯಲ್ಲಿ ಇದು ಎಲ್ಲಿ ಸೊಟ್ಟಗಾಗುತ್ತದೋ ಎಂಬ ಅಳುಕು ಇದ್ದೇ ಇದೆ. ಆದರೆ ಕಾನೂನು ತಿಳಿದವರಿಗೆ ಪುರಸೊತ್ತಿಲ್ಲ, ನೆಲ ಹಾಕಿದವನಿಗೆ ತನ್ನ ವಿಷಯ ತಾನೇ ಹೇಳಿಕೊಳ್ಳುವ ಅಭ್ಯಾಸವಿಲ್ಲ. ತಪ್ಪು ಕಂಡರೆ ಓದುವವರು ತಿದ್ದಿಕೊಳ್ಳಬೇಕು.

ಅವನು ಟೈಲ್ಸ್ ಮೇಸ್ತ್ರಿ. ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ರಸಮಟ್ಟ ಎಂದು. ನೆಲ ಸಮವಾಗಿದೆಯೇ ಎಂದು ನೋಡುವ, ನಡುವೆ ಗಾಜಿನ ನಳಿಗೆ, ಅದರೊಳಗೊಂದು ಗುಳ್ಳೆ ಇರುವ ಆ ಕೋಲನ್ನು ಅವನು ಕೈಬಿಟ್ಟದ್ದನ್ನು ಕಂಡವರಿಲ್ಲ. ಬಾಡಿಗೆಗೆ ಮನೆ ನೋಡಲು ಹೋದರೆ ಅಡುಗೆ ಕಟ್ಟೆಯ ಮೇಲೆ ಅದನ್ನಿಟ್ಟು, "ಎಡಕ್ಕೆ ಒಂದು ನೂಲಿನಷ್ಟು ಇಳಿದಿದೆ" ಎನ್ನುವನು. ಮನೆಯೊಡೆಯನ ಮುಖವೂ ಅಷ್ಟೇ ಇಳಿಯುವುದು. "ಮದುವೆಗೆ ಮುಂಚೆ ಅದನ್ನ ನನ್ನ ತಲೆ ಮೇಲೆ ಇಟ್ಟು ನೋಡಲಿಲ್ಲವಲ್ಲ, ಅದೇ ನನ್ನ ಪುಣ್ಯ" ಎಂದು ಅವನ ಹೆಂಡತಿ ಹೇಳುವುದಿತ್ತು. ಅವಳೂ ಅದೇ ಕಸುಬಿನವಳು. ಅವನು ಟೈಲ್ಸು ಕೂರಿಸಿದರೆ ಅವಳು ಸಂದಿಗೆ ಬಿಳಿ ಸಿಮೆಂಟು ತುಂಬಿ ಒರೆಸುವಳು.

ಹಲ್ಲಿನ ಡಾಕ್ಟರಮ್ಮ ಒಬ್ಬರು ಒಂದು ಹಳೆಯ ಅಂಗಡಿಯನ್ನು ಕೊಂಡು ದವಾಖಾನೆ ಮಾಡಿಸಿದರು. ಒಟ್ಟು ಕೆಲಸ ಒಬ್ಬ ಗುತ್ತಿಗೆದಾರನದು. ಅವನಿಂದ ನೆಲದ ಕೆಲಸ ಮಾತ್ರ ಒಳಗುತ್ತಿಗೆಯಾಗಿ ಮೇಸ್ತ್ರಿಗೆ ಬಂತು. ಗುತ್ತಿಗೆದಾರನನ್ನು ಬೆನ್ನ ಹಿಂದೆ ಎಲ್ಲರೂ ನಾಳೆಯಪ್ಪ ಎನ್ನುತ್ತಿದ್ದರು. ಹಣ ಕೇಳಿದವರಿಗೆ ಅವನು ಇಲ್ಲ ಎಂದವನೇ ಅಲ್ಲ. ಹೆಗಲ ಮೇಲೆ ಕೈ ಹಾಕಿ, ಚಹಾ ಕುಡಿಸಿ, "ನಾಳೆ ಬಾ ಅಣ್ಣಾ" ಎನ್ನುವನು. ಆ ಚಹಾದ ಲೆಕ್ಕ ಹಾಕಿದರೆ ಅರ್ಧ ಬಾಕಿ ಅಲ್ಲೇ ತೀರಿದೆ ಎಂದು ಬಣ್ಣ ಬಳಿಯುವವರು ನಗುತ್ತಿದ್ದರು.

ಈ ಕಸುಬಿನಲ್ಲಿ ಒಂದು ರೂಢಿ ಇದೆ. ಕೆಲಸವೆಲ್ಲ ಮುಗಿದರೂ ಯಾವುದಾದರೂ ಮೂಲೆಯಲ್ಲಿ ಒಂದೇ ಒಂದು ಟೈಲ್ಸು ಹಾಕದೆ ಬಿಡುತ್ತಾರೆ. ಪೂರ್ತಿ ಹಣ ಕೈಗೆ ಬಂದ ದಿನ ಹೋಗಿ ಅದನ್ನು ಕೂರಿಸುತ್ತಾರೆ. ಕೂರಿಸುವ ಮೊದಲು ಅದರ ಬೆನ್ನಿಗೆ ಬಡಗಿ ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತಾರೆ. ಯಾರೂ ಓದದ ರಸೀದಿ ಅದು. ಆ ಒಂದು ಟೈಲ್ಸನ್ನು ಯಾವ ಮೇಸ್ತ್ರಿಯೂ ಬಾಕಿ ಉಳಿದ ಕೆಲಸ ಎಂದು ತಿಳಿಯುವುದಿಲ್ಲ. ಅದು ಬಾಗಿಲ ಸಂದಿಯಲ್ಲಿಟ್ಟ ಕಾಲಿನ ಹಾಗೆ, ಅಷ್ಟೇ. ಹಾಗಾಗಿ ಹನ್ನೆರಡನೇ ತಾರೀಕು ನಾಳೆಯಪ್ಪ ಒಂದು ಕಾಗದ ಚಾಚಿ, "ಕೆಲಸ ಮುಗೀತು ಅಂತ ಒಂದು ಸೈನು ಹಾಕು ಅಣ್ಣಾ, ಡಾಕ್ಟ್ರಿಗೆ ತೋರಿಸಬೇಕು" ಎಂದಾಗ ಮೇಸ್ತ್ರಿ ಹಾಕಿಬಿಟ್ಟ. ದವಾಖಾನೆಯ ಕೈತೊಳೆಯುವ ಬೋಗುಣಿಯ ಪಕ್ಕದ ಮೂಲೆ ಆಗ ಖಾಲಿಯೇ ಇತ್ತು. ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಹಣ ಬರಲಿಲ್ಲ. ಬಂದದ್ದು ಬೇರೆಯೇ ಒಂದು ಸಂಕಟ. ಒಂದು ವಾರದ ಮೇಲೆ ಆ ಬೀದಿಯಲ್ಲಿ ಹಾದುಹೋಗುವಾಗ ತೆರೆದ ಬಾಗಿಲಿಂದ ಅವನಿಗೆ ಒಳಗೆ ಕಂಡದ್ದು ಒಬ್ಬ ಮುದುಕಿ. ಊರುಗೋಲಿನ ತುದಿ ಆ ಖಾಲಿ ಮೂಲೆಗೆ ಇಳಿದು, ಅವಳು ಬೋಗುಣಿ ಹಿಡಿದು ಸಾವರಿಸಿಕೊಂಡಳು. ಬೀಳಲಿಲ್ಲ. ಆದರೆ ಅಂದು ಮೇಸ್ತ್ರಿಗೆ ಅನ್ನ ಇಳಿಯಲಿಲ್ಲ. ಮರುದಿನ, ಇಪ್ಪತ್ತನೇ ತಾರೀಕು, ದವಾಖಾನೆ ಊಟಕ್ಕೆ ಮುಚ್ಚುವ ಹೊತ್ತಿಗೆ ಒಂದು ಬಕೆಟ್ ಗಾರೆ ಹಿಡಿದು ಹೋದ. ಕಸ ಗುಡಿಸುವ ಹೆಂಗಸು ಬಾಗಿಲು ತೆಗೆದಳು. ಟೈಲ್ಸಿನ ಬೆನ್ನಿಗೆ ಅಭ್ಯಾಸಬಲದಿಂದ ತಾರೀಕು ಗೀಚಿದ, ಕೂರಿಸಿದ, ಸಂದಿಗೆ ಬಿಳಿ ಸಿಮೆಂಟು ಬಳಿದ, ಹೊರಟ. ಯಾರಿಗೂ ಹೇಳಲಿಲ್ಲ. ಹಣ ಬಾರದೆ ಕೊನೆಯ ಟೈಲ್ಸು ಹಾಕಿದೆ ಎಂದು ಹೇಳಿಕೊಂಡರೆ ಕಸುಬಿನವರು ಆಡಿಕೊಳ್ಳುತ್ತಾರೆ.

ಅದೆಲ್ಲ ಆಗಿ ಮೂರು ತಿಂಗಳಾಗುತ್ತ ಬಂದಿತ್ತು. ಟೈಲ್ಸು ಕತ್ತರಿಸುವ ಜೊತೆಗಾರನ ಕೂಲಿ ಇನ್ನೂ ಕೊಡಬೇಕಿತ್ತು. ಅವನು ಕೇಳುತ್ತಿರಲಿಲ್ಲ, ಎದುರಿಗೆ ಬಂದರೆ ಬೀದಿ ದಾಟಿ ಆ ಕಡೆಗೆ ಹೋಗುತ್ತಿದ್ದ, ಅದು ಕೇಳುವುದಕ್ಕಿಂತ ಕೆಟ್ಟದ್ದು. ಆ ವಾರ ಹಣ ಗಿಟ್ಟದಿದ್ದರೆ ಕತ್ತರಿಸುವ ಯಂತ್ರವನ್ನು ಮಾರಿಯಾದರೂ ಕೊಡಬೇಕೆಂದು ಮೇಸ್ತ್ರಿ ನಿಶ್ಚಯಿಸಿದ್ದ. ಯಂತ್ರ ಹೋದರೆ ತಾನು ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದಿನಗೂಲಿ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅವನು ಕುಳಿತಲ್ಲಿ ಕೂರುತ್ತಿರಲಿಲ್ಲ, ಬಟ್ಟಲು ಎತ್ತಿದರೆ ಕುಡಿಯುತ್ತಿರಲಿಲ್ಲ. ಮನೆಯ ನೆಲವನ್ನೇ ಬೀಗದ ಕೈಯಿಂದ ಟಕ್ ಟಕ್ ಎಂದು ತಟ್ಟಿ ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಕಿವಿಗೊಡುತ್ತಿದ್ದ.

"ರೀ, ನೆಲ ತಟ್ಟಿದ್ರೆ ದುಡ್ಡು ಉದುರುತ್ತಾ?" ಎಂದಳು ಹೆಂಡತಿ ಒಂದು ಗುರುವಾರ ಬೆಳಗ್ಗೆ. "ನಡೀರಿ, ಅಣ್ಣನ ಹತ್ರ ಹೋಗೋಣ. ಮೂರು ತಿಂಗಳಿಂದ ಹೇಳ್ತಾನೇ ಇದೀನಿ."

"ನಿಮ್ಮಣ್ಣ ನಗ್ತಾನೆ."

"ನಗಲಿ. ಪುಕ್ಕಟೆ ತಾನೇ."

ಅವಳ ಅಣ್ಣ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದು ನಿವೃತ್ತನಾದವನು. ಈಗ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದ. ತಂಗಿಯನ್ನೂ ಅವಳ ಗಂಡನನ್ನೂ ಕಂಡವನೇ ಕನ್ನಡಕ ಹಣೆಗೇರಿಸಿದ.

"ಬನ್ನಿ ಮೇಸ್ತ್ರಿಗಳೇ! ನನ್ನ ಮೇಜು ಅಲ್ಲಾಡುತ್ತೆ, ಸ್ವಲ್ಪ ಮಟ್ಟ ಹಿಡಿದು ನೋಡಿ."

"ಅಣ್ಣ, ತಮಾಷೆ ಆಮೇಲೆ" ಎಂದು ಅವಳು ವಿಷಯ ಹೇಳಿದಳು. ಮೇಸ್ತ್ರಿ ಅಷ್ಟರಲ್ಲಿ ಒಂದು ರಟ್ಟು ಮಡಚಿ ಮೇಜಿನ ಕಾಲಿನಡಿ ತುರುಕಿದ್ದ.

ಭಾವ ಎಲ್ಲವನ್ನೂ ಕೇಳಿದ. "ನಾನು ವಕೀಲ ಅಲ್ಲ" ಎಂದ. "ಮೂವತ್ತು ವರ್ಷ ವಕೀಲರ ತಪ್ಪುಗಳನ್ನ ಟೈಪ್ ಮಾಡಿದವನು, ಅಷ್ಟೇ. ಆದ್ರೆ ದಾರಿ ಎಲ್ಲೆಲ್ಲಿದೆ ಅಂತ ಗೊತ್ತು. ಮೊದಲನೇದು, ನಾಳೆಯಪ್ಪನ ಮೇಲೇ ಸಣ್ಣ ದಾವೆಗಳ ಕೋರ್ಟಿಗೆ ಹೋಗೋದು. ಗೆಲ್ತೀರಿ. ಗೆದ್ದು ಏನು ಕಿತ್ಕೋತೀರಿ? ಗಾಡಿ ಹೆಂಡತಿ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ, ಆಫೀಸು ಬಾಡಿಗೇದು. ಅವನ ಹೆಸರಲ್ಲಿರೋದು ಬರೀ ಸಾಲ."

"ಎರಡನೇದು?"

"ಮಧ್ಯಸ್ಥರನ್ನ ಕೂರಿಸೋದು. ಕರಾರುಪತ್ರ ಇದ್ದವರಿಗೆ ಅದು. ಕರಾರು ಎಲ್ಲಿದೆ?"

ಮೇಸ್ತ್ರಿ ಚೀಲದಿಂದ ಟೈಲ್ಸಿನ ಪೆಟ್ಟಿಗೆಯ ಒಂದು ತುಂಡು ರಟ್ಟು ತೆಗೆದ. ಅದರ ಮೇಲೆ ಅಳತೆ, ದರ, ನಾಳೆಯಪ್ಪನ ಗೀಚು, ಒಂದು ಚಹಾದ ಬಟ್ಟಲಿನ ಉಂಗುರದ ಕಲೆ.

ಭಾವ ಅದನ್ನು ಬೆಳಕಿಗೆ ಹಿಡಿದ. "ಕೆಲಸ ಒಪ್ಪಿಸಿದ್ದು ನಿಜ ಅನ್ನೋಕೆ ಸಾಕು. ಜೋಪಾನ, ಇದನ್ನೂ ತಗೊಂಡು ಹೋಗಿ ಯಾವ ಮೇಜಿನ ಕಾಲಿಗೂ ಇಟ್ಟುಬಿಡಬೇಡಿ." ಆಮೇಲೆ ದನಿ ಇಳಿಸಿದ. "ಮೂರನೇದೇ ನಿಮಗೆ ಇರೋ ದಾರಿ. ಕಟ್ಟಡ ಯಾರದೋ ಅವರಿಗೇ ನೋಟೀಸು. ಈ ನೆಲ ನಾನು ಹಾಕಿದ್ದು, ನನಗೆ ಹಣ ಬಂದಿಲ್ಲ, ನೀವು ಗುತ್ತಿಗೆದಾರನಿಗೆ ಕೊಡಬೇಕಾದ ಬಾಕಿಯಲ್ಲಿ ನನ್ನ ಪಾಲು ತಡೆದಿಡಿ ಅಂತ. ನೋಟೀಸು ಕೈಗೆ ಮುಟ್ಟಿದ ಮೇಲೆ ಅವರು ಅದನ್ನ ಅವನಿಗೆ ಕೊಡೋ ಹಾಗಿಲ್ಲ. ಡಾಕ್ಟರಮ್ಮ ಅವನಿಗೆ ಪೂರ್ತಿ ಕೊಟ್ಟಾಗಿದೆಯಾ?"

"ಕೊನೇ ಕಂತು ನಾಳೆ ಕೊಡ್ತಾರಂತೆ" ಎಂದಳು ಅವಳು. "ಬಣ್ಣದೋರು ಹೇಳಿದ್ರು."

"ಹಾಗಾದ್ರೆ ಇವತ್ತೇ ಬರೀಬೇಕು. ಒಂದೇ ಷರತ್ತು. ನೀವು ಕೊನೇ ಸಲ ಕೆಲಸ ಮಾಡಿದ ದಿನದಿಂದ ತೊಂಬತ್ತು ದಿನದೊಳಗೆ. ತೊಂಬತ್ತೊಂದನೇ ದಿನ ಹೋದ್ರೆ ಬಾಗಿಲು ಮುಚ್ಚಿರುತ್ತೆ, ಎಷ್ಟು ಬಡಿದ್ರೂ ತೆಗೆಯಲ್ಲ. ಯಾವತ್ತು ಮುಗಿಸಿದ್ದು?"

ಹೆಂಡತಿ ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಹನ್ನೆರಡನೇ ತಾರೀಕಿನಿಂದ ಅಂದಿಗೆ ತೊಂಬತ್ತೆರಡು ದಿನ. ಅವಳ ಮುಖ ಸುಣ್ಣವಾಯಿತು. ಭಾವ ಕಾಗದದ ಮೇಲಿಟ್ಟಿದ್ದ ಪೆನ್ನನ್ನು ಎತ್ತಿ ಮುಚ್ಚಳ ಹಾಕಿದ.

ಆಗ ಮೇಸ್ತ್ರಿ, ಕಳ್ಳತನ ಒಪ್ಪಿಕೊಳ್ಳುವವನಂತೆ ಹೇಳಿದ: "ಹನ್ನೆರಡಲ್ಲ. ಇಪ್ಪತ್ತು. ಕೊನೇ ಟೈಲ್ಸು ಹಾಕಿ ಬಂದೆ."

"ಏನಂದ್ರಿ?" ಹೆಂಡತಿ ತಿರುಗಿದಳು. "ದುಡ್ಡು ಬರದೇ? ನನಗೂ ಹೇಳದೇ?"

"ಒಬ್ಬ ಅಜ್ಜಿ ಬೀಳ್ತಿದ್ಲು..."

"ಅಜ್ಜಿ ಅಂತೆ! ಮನೇಲಿ ನಾವು ಬಿದ್ದಿರೋದು ಕಾಣಲಿಲ್ಲ ಇವರಿಗೆ."

ಭಾವನಿಗೆ ಮಾತ್ರ ಕಳೆ ಬಂತು. "ನಿಲ್ಲಮ್ಮ ನಿಲ್ಲು. ಅಜ್ಜಿಗೆ ಅಡ್ಡ ಬೀಳಬೇಕು ನೀನು. ಹಾಕಿದ್ದನ್ನ ರಿಪೇರಿ ಮಾಡಿದ್ರೆ ಲೆಕ್ಕಕ್ಕಿಲ್ಲ. ಒಪ್ಪಿಕೊಂಡ ಕೆಲಸದಲ್ಲಿ ಉಳಿದದ್ದು ಮಾಡಿದ್ರೆ ಲೆಕ್ಕಕ್ಕಿದೆ. ಇಪ್ಪತ್ತರಿಂದ ಎಣಿಸಿದ್ರೆ ಇವತ್ತು ಎಂಬತ್ನಾಲ್ಕು. ಇನ್ನೂ ಆರು ದಿನ ಇದೆ! ಸಾಕ್ಷಿ ಯಾರು?"

ಗುಡಿಸುವ ಹೆಂಗಸು ಕೆಲಸ ಬಿಟ್ಟು ಎಲ್ಲಿಗೋ ಹೋಗಿ ಎರಡು ತಿಂಗಳಾಗಿತ್ತು. ಬೇರೆ ಯಾರೂ ಇರಲಿಲ್ಲ.

"ಬರಹ ಏನಾದ್ರೂ?"

"ಇದೆ" ಎಂದ ಮೇಸ್ತ್ರಿ. "ಟೈಲ್ಸಿನ ಬೆನ್ನ ಮೇಲೆ."

ನೋಟೀಸು ಟೈಪಾಯಿತು. ಒಂದು ಪ್ರತಿ ಡಾಕ್ಟರಮ್ಮನಿಗೆ, ಇನ್ನೊಂದು ಹಕ್ಕು ನೋಂದಣಿ ಕಚೇರಿಗೆ. ಕಚೇರಿಯ ಕಿಟಕಿಯ ಹಿಂದಿದ್ದ ಹೆಂಗಸು ಎರಡು ಸಲ ಓದಿ, "ಕೆಲಸ ಮುಗೀತು ಅನ್ನೋ ಕಾಗದಕ್ಕೆ ಹನ್ನೆರಡಕ್ಕೇ ಸೈನ್ ಹಾಕಿದೀನಿ ಅಂತ ನೀವೇ ಇದರಲ್ಲಿ ಬರೆದಿದೀರಲ್ಲ?" ಎಂದಳು. "ತಗೋತೀನಿ. ಆದ್ರೆ ಗುತ್ತಿಗೆದಾರರು ಆ ಕಾಗದ ತಂದು ಆಕ್ಷೇಪಣೆ ಹಾಕಿದ್ರೆ ನಿಮ್ಮ ಇಪ್ಪತ್ತನ್ನ ನೀವು ತೋರಿಸಬೇಕು. ಬಾಯಿಮಾತು ನಡೆಯಲ್ಲ."

"ತೋರಿಸ್ತೀನಿ" ಎಂದ ಮೇಸ್ತ್ರಿ. ಕಿಟಕಿಯ ಮುಂದಿನ ನೆಲದಲ್ಲಿ ಮೂರು ಟೈಲ್ಸು ಟೊಳ್ಳಾಗಿದ್ದವು. ಸರದಿಯಲ್ಲಿ ನಿಂತಷ್ಟು ಹೊತ್ತೂ ಅವನು ಅವುಗಳನ್ನು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದ.

ಮನೆಗೆ ಬರುವ ಬಸ್ಸಿನಲ್ಲಿ ಅವನು ಇದ್ದಕ್ಕಿದ್ದಂತೆ ಎದ್ದು ನಿಂತ. ನಿಲ್ದಾಣ ಇನ್ನೂ ದೂರವಿತ್ತು.

"ಏನಾಯ್ತ್ರೀ?"

"ಓದಕ್ಕಾಗಲ್ಲ" ಎಂದ. "ಗಾರೆ ಸರಿಯಾಗಿ ಹಿಡಿದಿದ್ರೆ ಬೆನ್ನಿಗೆ ಅಂಟಿಕೊಂಡೇ ಬರುತ್ತೆ. ಬರಹ ಅದರೊಳಗೆ ಹೂತಿರುತ್ತೆ. ಟೈಲ್ಸು ಸಲೀಸಾಗಿ ಬಿಟ್ಟುಬಂದು ಬೆನ್ನು ಚೊಕ್ಕಟವಾಗಿ ಕಂಡ್ರೆ ತಾನೇ ಓದೋದು? ಹಾಗೆ ಬಂದ್ರೆ ಏನರ್ಥ? ನಾನು ಕೆಟ್ಟ ಕೆಲಸ ಮಾಡಿದೀನಿ ಅಂತ. ಕೆಲಸ ಕೆಟ್ಟಿದೆ, ಅದಕ್ಕೇ ಹಣ ಕೊಟ್ಟಿಲ್ಲ ಅಂತ ತಾನೇ ನಾಳೆಯಪ್ಪ ಊರೆಲ್ಲ ಹೇಳ್ತಿರೋದು?"

ಹೆಂಡತಿ ಅವನ ಅಂಗಿ ಹಿಡಿದು ಕೂರಿಸಿದಳು. ಅವಳೂ ಕಸುಬಿನವಳು, ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಂದ್ರೆ ಕೆಲಸ ಚೆನ್ನಾಗಿದ್ರೆ ಸಾಕ್ಷಿ ಇಲ್ಲ, ಸಾಕ್ಷಿ ಇದ್ರೆ ಕೆಲಸ ಚೆನ್ನಾಗಿಲ್ಲ" ಎಂದಳು. "ಇಂಥ ಪೇಚು ನಿಮಗಲ್ದೆ ಇನ್ಯಾರಿಗೆ ಬರಬೇಕು!"

ಸಂಜೆ ಅವನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಮಂಡಿಯೂರಿದ. ಅಲ್ಲಿ ಹಿಂದೆಂದೋ ಅಳಿದುಳಿದ ನಾಲ್ಕು ಟೈಲ್ಸು ಹಾಕಿದ್ದ; ಕೊನೆಯದರ ಬೆನ್ನಿಗೆ ರೂಢಿಯಂತೆ ತಾರೀಕನ್ನೂ ಬರೆದಿದ್ದ. ಉಳಿಯಿಟ್ಟು ಸುತ್ತಿಗೆಯಿಂದ ಬಡಿದ. ಅದು ಅಲುಗಲಿಲ್ಲ. ಇನ್ನಷ್ಟು ಬಡಿದಾಗ ಐದಾರು ಚೂರಾಗಿ ಎದ್ದಿತು. ಪ್ರತಿ ಚೂರಿನ ಬೆನ್ನಿಗೂ ಗಾರೆ ಬೆರಳು ದಪ್ಪ ಮೆತ್ತಿಕೊಂಡಿತ್ತು. ಒಂದು ಅಂಕೆಯೂ ಕಾಣಲಿಲ್ಲ. ಅವನ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಸುಳಿಯಿತು. ಮರುಕ್ಷಣವೇ ತಲೆಯ ಮೇಲೆ ಕೈ ಹೊತ್ತು ಕುಳಿತ. ಅದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

"ಅಲ್ಲೂ ಹೀಗೇ ಹಾಕಿದ್ರಾ?"

"ಅಲ್ಲಿ ಅವಸರದಲ್ಲಿದ್ದೆ" ಎಂದ. "ಮಧ್ಯಾಹ್ನ ಎರಡಕ್ಕೆ ದವಾಖಾನೆ ತೆಗೀತಿತ್ತು. ಗಾರೆ ಎಲ್ಲಾ ಮೂಲೆಗೂ ಹೋಯ್ತೋ ಇಲ್ವೋ." ಇಷ್ಟು ವರ್ಷದಲ್ಲಿ ತನ್ನ ಕೆಲಸ ಎಲ್ಲಾದರೂ ಕೆಟ್ಟಿರಲಿ ಎಂದು ಅವನು ಹಾರೈಸಿದ್ದು ಅದೇ ಮೊದಲು. ಹಾರೈಸಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಒಂದು ಗಂಟೆಗೆ ಮೂವರೂ ದವಾಖಾನೆಗೆ ಹೋದರು. ಡಾಕ್ಟರಮ್ಮ ಆಗತಾನೇ ಕೈಗವಸು ಕಳಚುತ್ತಿದ್ದರು. ನೋಟೀಸನ್ನು ನಿಂತೇ ಓದಿದರು.

"ನಿಮಗೆ ಹಣ ಕೊಟ್ಟಾಗಿದೆ ಅಂದ್ರಲ್ಲ ಅವರು?"

"ಯಾವತ್ತು ಅಂದ್ರು ಡಾಕ್ಟ್ರೇ?" ಭಾವ ಕೇಳಿದ. "ನಾಳೆ ಕೊಟ್ಟೆ ಅಂದ್ರಾ?"

ಅಷ್ಟರಲ್ಲಿ ನಾಳೆಯಪ್ಪನೇ ಬಂದ. ಕೊನೆಯ ಕಂತಿನ ಚೆಕ್ಕು ಒಯ್ಯಲು ಬಂದವನು ಇವರನ್ನು ಕಂಡು ಒಂದು ಹೆಜ್ಜೆ ತಡೆದ, ಮರುಗಳಿಗೆ ಬಾಯ್ತುಂಬ ನಕ್ಕ. "ಓಹೋ, ಅಣ್ಣ! ಅಕ್ಕನೂ ಬಂದಿದಾರೆ! ಹೇಳಿ ಕಳಿಸಿದ್ರೆ ನಾನೇ ಮನೆಗೆ ಬರ್ತಿದ್ದೆನಲ್ಲ."

"ತೊಂಬತ್ಮೂರು ದಿನ ಹೇಳಿ ಕಳಿಸಿದೀವಿ" ಎಂದಳು ಹೆಂಡತಿ. "ದಾರಿ ತಪ್ಪಿತ್ತೇನೋ ಪಾಪ."

ಡಾಕ್ಟರಮ್ಮ ನೋಟೀಸನ್ನು ಅವನ ಕೈಗೆ ಕೊಟ್ಟರು. ಓದುತ್ತ ಓದುತ್ತ ಅವನ ನಗು ಅರ್ಧವಾಯಿತು. "ಇದು ನಡೆಯಲ್ಲ ಡಾಕ್ಟ್ರೇ. ಹನ್ನೆರಡಕ್ಕೆ ಮುಗೀತು ಅಂತ ಇವನೇ ಸೈನ್ ಹಾಕಿದಾನೆ. ತೊಂಬತ್ತು ದಿನ ದಾಟಿದೆ. ಮೇಲಾಗಿ ಕೆಲಸ ನೋಡಿ, ಎಲ್ಲ ಟೊಳ್ಳು" ಎಂದು ಬೂಟಿನಿಂದ ನೆಲ ಕುಟ್ಟಿದ. ನೆಲ ಗಟ್ಟಿಯಾಗಿ ಸದ್ದು ಕೊಟ್ಟಿತು. ಇನ್ನೊಂದು ಕಡೆ ಕುಟ್ಟಿದ. ಅಲ್ಲೂ ಅದೇ ಸದ್ದು.

"ಕುಟ್ಟಿ ಕುಟ್ಟಿ, ಕಾಲು ನೋಯೋವರೆಗೂ ಕುಟ್ಟಿ" ಎಂದ ಭಾವ.

"ಕೊನೇ ಟೈಲ್ಸು ಇಪ್ಪತ್ತಕ್ಕೆ ಹಾಕಿದ್ದು" ಎಂದ ಮೇಸ್ತ್ರಿ. "ಅದರ ಬೆನ್ನ ಮೇಲೆ ತಾರೀಕಿದೆ."

"ಅದನ್ನ ಹಾಕಿಸಿದ್ದು ನಾನು, ಹನ್ನೆರಡಕ್ಕೇ!" ಎಂದ ನಾಳೆಯಪ್ಪ.

"ಯಾರ ಕೈಲಿ ಹಾಕಿಸಿದ್ರಿ?" ಡಾಕ್ಟರಮ್ಮ ಕೇಳಿದರು.

"ಮೊದಲು ಎಲ್ಲರಿಗೂ ಚಹಾ ತರಿಸ್ತೀನಿ ಡಾಕ್ಟ್ರೇ" ಎಂದ ನಾಳೆಯಪ್ಪ. ಡಾಕ್ಟರಮ್ಮ ಮೂಲೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಇಲ್ಲೊಂದು ಗುಂಡಿ ಇತ್ತು ಅನ್ನೋದು ನೆನಪಿದೆ. ಯಾವತ್ತು ಹೋಯ್ತು ಅನ್ನೋದು ನೆನಪಿಲ್ಲ. ನಮ್ಮ ಕೆಲಸವೂ ಹೀಗೇ, ಹಲ್ಲು ನೋಯುವ ದಿನ ಎಲ್ಲರಿಗೂ ನೆನಪಿರುತ್ತೆ, ನೋವು ನಿಂತ ದಿನ ಯಾರಿಗೂ ನೆನಪಿರಲ್ಲ." ಮೇಸ್ತ್ರಿಯ ಕಡೆ ತಿರುಗಿದರು. "ಎತ್ತಿ ನೋಡ್ತೀರಾ?"

ಮೇಸ್ತ್ರಿ ಅಲ್ಲೇ ನಿಂತಿದ್ದ. ಎತ್ತಿದರೆ ಏನಾಗಬಹುದೆಂದು ಅವನಿಗೆ ಎರಡೂ ಬಗೆಯಲ್ಲಿ ಗೊತ್ತಿತ್ತು; ಯಾವ ಬಗೆಯೂ ಅವನಿಗೆ ಬೇಕಿರಲಿಲ್ಲ. ಎತ್ತದಿದ್ದರೆ ಇನ್ನೈದು ನಿಮಿಷದಲ್ಲಿ ಚೆಕ್ಕು ನಾಳೆಯಪ್ಪನ ಜೇಬಿನಲ್ಲಿ. ಹೆಂಡತಿ ಚೀಲದಿಂದ ಉಳಿ ತೆಗೆದು ಅವನ ಕೈಗೆ ಕೊಟ್ಟಳು.

ಅವನು ಮೊದಲು ಸುತ್ತಲಿನ ಸಂದಿಯ ಬಿಳಿ ಸಿಮೆಂಟನ್ನು ಕೆರೆದ, ಪಕ್ಕದ ಟೈಲ್ಸಿಗೆ ಗೀರು ಬೀಳದ ಹಾಗೆ. ಆಮೇಲೆ ಉಳಿಯನ್ನು ಓರೆಯಾಗಿ ಇಟ್ಟು ಬಡಿದ. ಅವನ ಕೆಲಸ ಅವನ ಕೈಗೇ ಸುಲಭವಾಗಿ ಸೋಲಲಿಲ್ಲ. ಹತ್ತನೆಯ ಏಟಿಗೋ ಹನ್ನೆರಡನೆಯ ಏಟಿಗೋ ಚಟ್ ಎಂದು ಟೈಲ್ಸು ಒಡೆಯಿತು. ದೊಡ್ಡ ತುಂಡು ಅಡಿಯ ಗಾರೆಯ ಹೆಂಟೆಯನ್ನೂ ಕಿತ್ತುಕೊಂಡು ಎದ್ದಿತು. ಅಂಗೈ ಅಗಲದ ಒಂದು ಮೂಲೆ ಮಾತ್ರ ಚೊಕ್ಕಟವಾಗಿ, ತೊಳೆದಿಟ್ಟಂತೆ ಬೇರೆಯಾಗಿ ಬಂತು. ಆ ಮೂಲೆಗೆ ಗಾರೆ ತಲುಪಿಯೇ ಇರಲಿಲ್ಲ.

ಅವನು ಅದನ್ನು ತಿರುಗಿಸಿದ. ಬೆನ್ನಿನ ಕಂದು ಮಣ್ಣಿನ ಮೇಲೆ ಪೆನ್ಸಿಲಿನ ದಪ್ಪ ಗೆರೆಯಲ್ಲಿ ಇಪ್ಪತ್ತು ಎಂಬ ಅಂಕೆ. ಅದರ ಪಕ್ಕದಲ್ಲಿ ಒಂದು ಓರೆ ಗೀಟು. ಗೀಟಿನ ಆಚೆಗೆ ಒಡೆದ ಅಂಚು. ತಿಂಗಳು ಇದ್ದರೆ ಅದು ದೊಡ್ಡ ತುಂಡಿನಲ್ಲಿ, ಗಾರೆಯ ಅಡಿಯಲ್ಲಿತ್ತು.

"ನೋಡಿ!" ಎಂದು ನಾಳೆಯಪ್ಪ ಕೂಗಿದ. "ಟೊಳ್ಳು! ನಾನು ಹೇಳಲಿಲ್ವಾ? ಇನ್ನು ಇಪ್ಪತ್ತು ಅಂದ್ರೆ ಏನು? ಯಾವ ತಿಂಗಳು? ಇಪ್ಪತ್ತನೇ ಪೆಟ್ಟಿಗೆ ಅಂತಲೂ ಬರೆದಿರಬಹುದು."

ಮೇಸ್ತ್ರಿಯ ಕಿವಿ ಕೆಂಪಾಯಿತು. ತಾರೀಕಿನ ವಾದ ಅವನ ತಲೆಗೆ ಹೋಗಲೇ ಇಲ್ಲ. "ಮೂಲೆ ತಪ್ಪಿದೆ" ಎಂದ ಡಾಕ್ಟರಮ್ಮನಿಗೆ. "ಒಪ್ಕೋತೀನಿ. ಅವಸರ ಆಯ್ತು. ಬೇಕಾದ್ರೆ ಎಲ್ಲವನ್ನೂ ತಟ್ಟಿ ನೋಡಿ, ಎಲ್ಲೆಲ್ಲಿ ಟೊಳ್ಳಿದೆಯೋ ಅಷ್ಟನ್ನೂ ಪುಕ್ಕಟೆ..."

"ರೀ, ಬಾಯಿ ಮುಚ್ಚಿ" ಎಂದಳು ಹೆಂಡತಿ.

ಡಾಕ್ಟರಮ್ಮ ಎರಡೂ ತುಂಡುಗಳನ್ನು ಕಿಟಕಿಯ ಬೆಳಕಿಗೆ ಒಯ್ದರು. ಗಾರೆಯನ್ನು ಒಂದು ಕೊಕ್ಕೆಯಂಥ ಸಲಕರಣೆಯಿಂದ ಕೆರೆದರು. "ಒಂದು ಮೂಲೆ ಟೊಳ್ಳು ಅಂತ ನಾನು ಬಾಯಿಯೆಲ್ಲ ಕೀಳಲ್ಲ" ಎಂದರು. "ನೂರಾರು ಟೈಲ್ಸಿನಲ್ಲಿ ಒಂದು. ಅದೂ ಹಣ ಬರದೇ ಹಾಕಿದ್ದು. ಇದರ ಮೇಲಿರೋದು ಸಿಮೆಂಟೇ ತಾನೇ? ಆ್ಯಸಿಡ್ ಹಾಕಿದ್ರೆ ಕರಗಲ್ವಾ? ಪೆನ್ಸಿಲ್ ಗೆರೆಗೆ ಅದು ಏನೂ ಮಾಡಲ್ಲ."

ಮೇಸ್ತ್ರಿ ಹಣೆ ಬಡಿದುಕೊಂಡ. ಪ್ರತಿ ನೆಲ ಮುಗಿದಾಗಲೂ ಮೇಲಿನ ಸಿಮೆಂಟು ಕಲೆಗೆ ಆ್ಯಸಿಡ್ ಹಾಕಿ ತೊಳೆಯುವವನು ಅವನು. ಟೈಲ್ಸಿನ ಮುಖ ತೊಳೆದು ತೊಳೆದು, ಬೆನ್ನನ್ನೂ ತೊಳೆಯಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಚೆನ್ನಾಗಿ ಹಿಡಿದ ಕೆಲಸವೂ ಓದಿಗೆ ಸಿಗಬಹುದಿತ್ತು. ಒಂದು ಹಗಲು ಒಂದು ರಾತ್ರಿ ಅವನು ಸುಮ್ಮನೆ ಬೆಂದಿದ್ದ.

"ಕೊಡಿ, ಈಗಲೇ ತೊಳೀತೀನಿ" ಎಂದು ಕೈಚಾಚಿದ.

"ಮುಟ್ಟಬೇಡಿ!" ಭಾವ ಅಡ್ಡ ಬಂದ. "ನೀವು ತೊಳೆದ್ರೆ, ನೀವೇ ಬರೆದ್ರಿ ಅಂತಾರೆ. ಹೀಗೇ ಕಾಗದದಲ್ಲಿ ಸುತ್ತಿ, ಎಲ್ಲರ ಸೈನು ಹಾಕಿ, ಕಚೇರಿಗೆ ಒಪ್ಪಿಸೋದು. ತೊಳೆಯೋದು ಅವರ ಕೆಲಸ. ಏನ್ ಸ್ವಾಮಿ, ನಿಮ್ಮದೂ ಒಂದು ಸೈನ್ ಹಾಕ್ತೀರಾ? ಅಥವಾ ನಾಳೆ ಹಾಕ್ತೀರಾ?"

ನಾಳೆಯಪ್ಪ ಡಾಕ್ಟರಮ್ಮನ ಮುಖ ನೋಡಿದ. ಅವರು ಚೆಕ್ಕು ಪುಸ್ತಕವನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕುತ್ತಿದ್ದರು. "ಕಚೇರಿ ಹೇಳೋವರೆಗೂ ಇವರ ಪಾಲು ನನ್ನ ಹತ್ರವೇ ಇರುತ್ತೆ" ಎಂದರು. "ಉಳಿದದ್ದು ಸೋಮವಾರ ಬನ್ನಿ." ನೋಟೀಸಿನ ಪ್ರತಿಯ ಮೇಲೆ ತಲುಪಿದೆ ಎಂದು ಬರೆದು, ತಾರೀಕು ಹಾಕಿ, ಗಂಟೆಯನ್ನೂ ಹಾಕಿದರು.

ಅವನು ಸೈನು ಹಾಕಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಅಣ್ಣಾ, ಮೊದಲೇ ಹೇಳಿದ್ರೆ ನಾವು ನಾವೇ ಕೂತು ಮುಗಿಸ್ಕೋಬಹುದಿತ್ತು" ಎಂದ. ಅವನಿಗೆ ನಿಜವಾಗಿಯೂ ನೋವಾದಂತೆ ಕಂಡಿತು. ಮೇಸ್ತ್ರಿಗೆ ಅದೂ ಒಂದು ಚಿಂತೆಯಾಯಿತು.

ಮೂಲೆ ಮತ್ತೆ ಖಾಲಿಯಾಗಿತ್ತು. ಎರಡು ಗಂಟೆಗೆ ರೋಗಿಗಳು ಬರುವವರಿದ್ದರು. ಮೇಸ್ತ್ರಿ ಅದನ್ನೇ ನೋಡುತ್ತ ನಿಂತ. ಈಗ ಗಾರೆ ಹಾಕಿ ಕೂರಿಸಿದರೆ ಅದು ರಿಪೇರಿಯೋ, ಕೆಲಸವೋ, ತಾನು ಕೊಟ್ಟ ನೋಟೀಸಿಗೆ ತಾನೇ ಮಣ್ಣು ಹಾಕಿದಂತೆಯೋ ಅವನಿಗೆ ತಿಳಿಯಲಿಲ್ಲ. ಭಾವನನ್ನು ಕೇಳಿದ. ಭಾವ ಗಲ್ಲ ಕೆರೆದುಕೊಂಡು, "ಇದನ್ನ ನಾನು ಟೈಪ್ ಮಾಡಿದ ನೆನಪಿಲ್ಲ" ಎಂದ.

ಕೊನೆಗೆ ಮೇಸ್ತ್ರಿ ಗುಂಡಿಯಲ್ಲಿ ಮರಳು ಹರಡಿ, ಚೀಲದಲ್ಲಿದ್ದ ಹೊಸ ಟೈಲ್ಸೊಂದನ್ನು ಗಾರೆಯಿಲ್ಲದೆ ಹಾಗೇ ಕೂರಿಸಿದ. ಯಾರ ಊರುಗೋಲೂ ಸಿಕ್ಕಿಕೊಳ್ಳದ ಹಾಗೆ. ಬೇಕಾದಾಗ ಉಗುರಿಂದಲೇ ಎತ್ತಬಹುದಾದ ಹಾಗೆ. ರಸಮಟ್ಟ ಇಟ್ಟು ನೋಡಿದ, ಗುಳ್ಳೆ ನಡುವೆ ನಿಂತಿತು. ಆದರೂ ತೆಗೆದು ಇನ್ನೊಂದು ಹಿಡಿ ಮರಳು ಹಾಕಿ ಮತ್ತೆ ಇಟ್ಟ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು. "ರೀ, ನಿಜ ಹೇಳಿ. ಗಾರೆ ಕರಗಿದ್ರೆ ತಿಂಗಳು ಸಿಗುತ್ತೆ ತಾನೇ? ಬರೆದಿದೀರಿ ತಾನೇ?"

ಅವನು ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಅಂದಿನ ಮಧ್ಯಾಹ್ನವನ್ನು ನೆನೆಯಲು ನೋಡಿದ. ಬಕೆಟು, ಪೆನ್ಸಿಲು, ಬಾಗಿಲಲ್ಲಿ ಪೊರಕೆ ಹಿಡಿದು ನಿಂತ ಹೆಂಗಸು, "ಬೇಗ ಮುಗಿಸಣ್ಣ" ಎಂಬ ಅವಳ ದನಿ. ಇಪ್ಪತ್ತು ಎಂದು ಬರೆದದ್ದು ನೆನಪಿತ್ತು. ಗೀಟು ಎಳೆದದ್ದು ನೆನಪಿತ್ತು.

"ಯಾವಾಗ್ಲೂ ಬರೀತೀನಿ" ಎಂದ.

"ಅವತ್ತು?"

ಅವನು ರಸಮಟ್ಟವನ್ನು ಕಂಕುಳಿಗೆ ಸೇರಿಸಿ ಬಸ್ ನಿಲ್ದಾಣದ ಕಡೆ ನಡೆದ.

ಆ ತುಂಡುಗಳು ಕಚೇರಿಯ ಕಪಾಟಿನಲ್ಲಿ, ಕಾಗದದಲ್ಲಿ ಸುತ್ತಿ, ನಂಬರು ಹಚ್ಚಿಸಿಕೊಂಡು ಇವೆ ಎಂಬಲ್ಲಿಗೆ ತಿಳಿದದ್ದು ಮುಗಿಯುತ್ತದೆ. ನಾಳೆಯಪ್ಪ ಆಕ್ಷೇಪಣೆ ಸಲ್ಲಿಸಿದ್ದಾನೆ, ವಿಚಾರಣೆಗೆ ದಿನ ಕೊಟ್ಟು ಒಮ್ಮೆ ಮುಂದೂಡಿದ್ದಾರೆ. ಮೇಸ್ತ್ರಿ ಜೊತೆಗಾರನ ಹತ್ತಿರ ಇನ್ನಷ್ಟು ದಿನದ ವಾಯಿದೆ ಕೇಳಿಕೊಂಡಿದ್ದಾನೆ. ಯಂತ್ರ ಇನ್ನೂ ಮನೆಯಲ್ಲಿದೆ. ಆ ಗಾರೆಯ ಅಡಿಯಲ್ಲಿ ತಿಂಗಳು ಇದೆಯೋ ಇಲ್ಲವೋ, ಇದನ್ನು ಹೇಳಿದವರಿಗೆ ಗೊತ್ತಿಲ್ಲ. ಟೈಲ್ಸಿನ ಬೆನ್ನಿಗೆ ಬರೆದವನಿಗೂ ಗೊತ್ತಿಲ್ಲ.